ಬೀದಿನಾಯಿ ಎಂದರೆ ಆಗಲಿಲ್ಲ

17 ನವೆಂಬರ್ 2023, ಶುಕ್ರವಾರ

ಇರಾನಿನ ಫಾರಸಿ ಲೇಖಕ ಸಾದೆಗ್ ಹೆದಾಯತ್ ಅವರ 'ಸಗ್-ಎ ವೆಲ್‌ಗರ್ದ್' (1942) ಕತೆಯನ್ನು ಕನ್ನಡಕ್ಕೆ ತರಲು ಹೊರಟರೆ ಹೆಸರಿನಲ್ಲೇ ಮೊದಲ ಎಡವು. ನಮ್ಮ ಬೀದಿನಾಯಿಗೆ ತನ್ನದೆಂಬ ಬೀದಿಯಾದರೂ ಇರುತ್ತದೆ. ಪಕ್ಕದ ಬೀದಿಯದು ಬಂದರೆ ಅಟ್ಟುತ್ತದೆ. ಈ ಕತೆಯ ನಾಯಿ ಪಾತ್‌ಗೆ ಅದೂ ಇಲ್ಲ. ಸ್ಕಾಟ್ಲೆಂಡಿನ ತಳಿಯ ನಾಯಿ, ಒಡೆಯನ ಜೊತೆ ಕಾರಿನಲ್ಲಿ ಬಂದು, ತೆಹ್ರಾನಿನ ಆಗ್ನೇಯಕ್ಕಿರುವ ವರಾಮೀನಿನಲ್ಲಿ ತಪ್ಪಿಹೋದದ್ದು. ಸಗ್ ಎಂದರೆ ನಾಯಿ, ವೆಲ್ ಎಂದರೆ ಹಿಡಿತ ಬಿಟ್ಟದ್ದು, ಗರ್ದ್ ಎಂದರೆ ಸುತ್ತುವುದು. 'ದಿಕ್ಕೆಟ್ಟ ನಾಯಿ' ಎಂದರೆ ಹತ್ತಿರವಾದೀತು.

ಮುಂದಿನ ಅಪಾಯ, ನಮಗೆ ಗೊತ್ತು ಅನ್ನಿಸುವ ಪದಗಳದ್ದು. ಮೂಲದಲ್ಲಿ 'ಮೈದಾನ್' ಇದೆ. ಅದನ್ನು ಮೈದಾನ ಎಂದೇ ಇಟ್ಟರೆ ಕಣ್ಣಿಗೆ ಬರುವುದು ಹುಡುಗರು ಆಡುವ ಬಯಲು. ಅಲ್ಲಿರುವುದು ಪೇಟೆಯ ಚೌಕ: ರೊಟ್ಟಿ ಅಂಗಡಿ, ಮಾಂಸದಂಗಡಿ, ಎರಡು ಕಾಫಿಖಾನೆ, ಒಬ್ಬ ಕ್ಷೌರಿಕ, ಒಂದು 'ಅತ್ತಾರಿ'. ಈ ಅತ್ತಾರಿ ಅತ್ತರಿನ ಅಂಗಡಿಯಲ್ಲ, ನಮ್ಮ ಗ್ರಂಧಿಗೆ ಅಂಗಡಿ.

ಕತೆಯ ಅಲೆದಾಟವೆಲ್ಲ ಈ ಚೌಕದಲ್ಲೇ. ರೊಟ್ಟಿ ಅಂಗಡಿಯ ಮುಂದೆ ಹೋದರೆ ಆಳು ಹೊಡೆಯುತ್ತಾನೆ. ಮಾಂಸದಂಗಡಿಯ ಮುಂದೆ ಹೋದರೆ ಆಳು ಕಲ್ಲೆಸೆಯುತ್ತಾನೆ. ಕಾರಿನ ನೆರಳಿಗೆ ಹೋದರೆ ಚಾಲಕನ ಮೊಳೆ ಬೂಟು. ಇವನ್ನು ಸೇರಿಸಿ 'ಎಲ್ಲರೂ ಹೊಡೆಯುತ್ತಿದ್ದರು' ಎಂದುಬಿಟ್ಟರೆ ಕತೆ ಸತ್ತಂತೆಯೇ. ಹೋಗುವುದು, ಪೆಟ್ಟು, ಮತ್ತೆ ಹೋಗುವುದು: ಆ ಮೂರು ಬಾಗಿಲೂ ಬೇರೆಬೇರೆಯಾಗಿ ಮುಚ್ಚಬೇಕು. ಊರು ನೋಡುತ್ತ ನಡೆಯುವವನ ಬಿಡುಬೀಸು ಇಲ್ಲಿಲ್ಲ.

ಹೊಡೆಯುವುದು ಪುಣ್ಯಕ್ಕೆಂದು, ಏಕೆಂದರೆ ನಾಯಿ 'ನಜೆಸ್', ಧರ್ಮದ ಕಣ್ಣಿನಲ್ಲಿ ಅಶುದ್ಧ. ಇದಕ್ಕೆ 'ಕೊಳಕು' ಸಾಲದು, ಕೊಳಕು ತೊಳೆದರೆ ಹೋದೀತು. 'ಮೈಲಿಗೆ' ಎಂಬ ಪದ ನಮ್ಮಲ್ಲಿದೆ, ಅದೇ ಬೇಕು.

'ಪರಕೀಯ ಪ್ರಜ್ಞೆ' ಎಂಬ ನವ್ಯ ಸಾಹಿತ್ಯದ ಮಾತನ್ನು ಮಾತ್ರ ಈ ಪ್ರಾಣಿಯ ಮೇಲೆ ಹೇರಬಾರದು. ತಾನು ಯಾರೆಂಬ ಗೊಂದಲ ಪಾತ್‌ಗಿಲ್ಲ. ತಾಯಿಯ ಹಾಲು, ಜೊತೆಗೆ ಆಡುತ್ತಿದ್ದ ಒಡೆಯನ ಮಗ, ಎಲ್ಲ ನೆನಪಿದೆ. ಹೆದಾಯತ್ 1936ರಲ್ಲಿ ಮುಂಬೈಯಲ್ಲಿ ಐವತ್ತರಷ್ಟೇ ಪ್ರತಿ ತೆಗೆಸಿದ 'ಬೂಫ್-ಎ ಕೂರ್' (ಕುರುಡು ಗೂಬೆ) ಕಾದಂಬರಿಯ ನಿರೂಪಕನಿಗಾದರೆ ಆ ಮಾತು ಒಪ್ಪುತ್ತದೆ.

ಕೊನೆಗೊಂದು ಎಚ್ಚರಿಕೆ. ಆರಂಭದಲ್ಲೇ ಪಾತ್‌ನ ಕಣ್ಣುಗಳ ಆಳದಲ್ಲಿ ಮನುಷ್ಯನ ಜೀವ ಕಾಣುತ್ತದೆ. ಮುಗಿಯುವಾಗ ಮೂರು ಕಾಗೆಗಳು ಬರುತ್ತವೆ. ಒಂದು ಹತ್ತಿರ ಕೂತು, ಇನ್ನೂ ಪೂರ್ತಿ ಸತ್ತಿಲ್ಲವೆಂದು ಖಾತ್ರಿಯಾದದ್ದೇ ಮತ್ತೆ ಹಾರುತ್ತದೆ. ಅವು ಬಂದದ್ದು ಆ ಎರಡು ಕಣ್ಣು ಕೀಳಲು. ಅಲ್ಲಿ 'ಕಣ್ಣುಗುಡ್ಡೆ' ಎಂದು ಬದಲಿಸಬೇಡಿ. ಮೊದಲ ಪುಟದಲ್ಲಿ ಬರೆದ 'ಕಣ್ಣು' ಅದೇ ಪದವಾಗಿ ಅಲ್ಲಿಗೂ ಬರಲಿ.