ಮರ ಬರೆಯದೇ ಬಿಟ್ಟ ವರ್ಷ

ಮರದ ಉಂಗುರ ಎಣಿಸಿ ಹಳೇ ಕಾಲದ ಬರ, ನದಿಗಳ ಹರಿವು ಲೆಕ್ಕ ಹಾಕುವ ಲ್ಯಾಬೊಂದರಲ್ಲಿ ನಾನು ಎರಡು ವರ್ಷ ಸಹಾಯಕ ಕೆಲಸ ಮಾಡಿದ್ದೆ. ಸೇರಿದ ಮೊದಲ ವಾರವೇ ಒಂದು ಕೋರ್ ಹೆಚ್ಚುಕಡಿಮೆ ಹಾಳು ಮಾಡಿದ್ದೆ.

ಕೋರ್ ಅಂದರೆ ಮರದೊಳಗಿಂದ ತೆಗೆದ ಉದ್ದನೆಯ ಕಡ್ಡಿ. ದಪ್ಪ ಸುಮಾರು 5 ಮಿಲಿಮೀಟರ್, ಪೆನ್ಸಿಲ್‌ಗಿಂತ ತೆಳು. ಬೋರರ್ ಅಂತ ಒಂದು ಟೊಳ್ಳು ಕೊಳವೆ ಇರುತ್ತದೆ. ಅದನ್ನು ತೊಗಟೆಗೆ ಒತ್ತಿಟ್ಟು ಕೈಯಲ್ಲೇ ತಿರುಗಿಸುತ್ತಾ ಮರದ ತಿರುಳಿನ ತನಕ ಇಳಿಸಬೇಕು. ನಾಲ್ಕು ಮರ ಮುಗಿಯುವಷ್ಟರಲ್ಲಿ ರಟ್ಟೆ ಬಿದ್ದುಹೋಗಿರುತ್ತದೆ. ಹೊರಗೆ ಬಂದ ಕಡ್ಡಿಯನ್ನು ತಂಪು ಪಾನೀಯ ಕುಡಿಯೋ ಕಾಗದದ ಸ್ಟ್ರಾ ಒಳಗೆ ತೂರಿಸಿ, ಮೇಲೆ ನಂಬರ್ ಬರೆದು ಇಡುತ್ತೇವೆ. ಮರ ಸಾಯುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಸಾಮಾನ್ಯವಾಗಿ ಇಲ್ಲ. ಪೈನ್ ಮರವಾದರೆ ತನ್ನದೇ ಅಂಟು ಸುರಿಸಿ ತೂತು ಮುಚ್ಚಿಕೊಳ್ಳುತ್ತದೆ.

ಆಮೇಲೆ ಆ ಕಡ್ಡಿಯನ್ನು ಮರದ ಪಟ್ಟಿಯಲ್ಲಿ ಕೊರೆದ ತೋಡಿನಲ್ಲಿ ಅಂಟಿಸಬೇಕು. ಗುಟ್ಟು ಇರುವುದೇ ಇಲ್ಲಿ. ನಾರು ನೆಟ್ಟಗೆ ನಿಂತಿರುವ ಹಾಗೆ ಅಂಟಿಸಬೇಕು. ನಾನು ಅಡ್ಡ ಅಂಟಿಸಿದ್ದೆ. ಒರಟು ಸ್ಯಾಂಡ್‌ಪೇಪರ್‌ನಿಂದ ಶುರುಮಾಡಿ ನಯವಾದದ್ದರ ತನಕ ಒಂದು ಗಂಟೆ ಉಜ್ಜಿದರೂ ಉಂಗುರ ಕಾಣಲಿಲ್ಲ, ಬರೀ ಮಸುಕು ಗೆರೆ. ಮೇಡಂ ಬೈಯಲಿಲ್ಲ. ಹಬೆಗೆ ಹಿಡಿದು ಅಂಟು ಬಿಡಿಸಿ, ತಿರುಗಿಸಿ ಕೈಗೆ ಕೊಟ್ಟರು. ಮತ್ತೆ ಉಜ್ಜಿ ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಕಂಡಿದ್ದನ್ನು ಇವತ್ತಿಗೂ ಮರೆತಿಲ್ಲ. ಒಂದೊಂದು ಜೀವಕೋಶವೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ವರ್ಷದ ಶುರುವಿನ ಬೆಳವಣಿಗೆ ತಿಳಿಬಣ್ಣ, ಅಗಲವಾದ ಕೋಶಗಳು. ಕೊನೆಗೆ ಬಂದಂತೆ ಇಕ್ಕಟ್ಟಾಗಿ ಗಾಢ ಬಣ್ಣ. ಆಮೇಲೆ ಚಾಕುವಿನಿಂದ ಕೊಯ್ದ ಹಾಗೆ ಒಂದು ಗೆರೆ. ಅಲ್ಲಿಗೆ ಒಂದು ವರ್ಷ ಮುಗಿಯಿತು.

ಎಣಿಸೋದು ಸುಲಭ ಅಂದುಕೊಂಡಿದ್ದೆ. ತೊಗಟೆಯ ಪಕ್ಕದ ಉಂಗುರ ಯಾವ ವರ್ಷದ್ದು ಅಂತ ಗೊತ್ತೇ ಇರುತ್ತದೆ, ಅಲ್ಲಿಂದ ಒಳಕ್ಕೆ ಎಣಿಸುತ್ತಾ ಹೋದರಾಯಿತು, ಅಲ್ವಾ?

ಅಲ್ಲ. ನಮ್ಮಲ್ಲಿ ಪ್ರತಿ ಕೋರ್‌ಗೂ ಗ್ರಾಫ್ ಹಾಳೆಯ ಉದ್ದನೆಯ ಪಟ್ಟಿ ಮಾಡುತ್ತಿದ್ದೆವು. ಅಕ್ಕಪಕ್ಕದವಕ್ಕಿಂತ ಉಂಗುರ ಕಿರಿದಾಗಿದ್ದರೆ ಅಲ್ಲೊಂದು ಪೆನ್ಸಿಲ್ ಗೆರೆ. ಕಿರಿದಾದಷ್ಟೂ ಗೆರೆ ಉದ್ದ. ಒಂದೇ ಗುಡ್ಡದ ಮರಗಳ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಉದ್ದ ಗೆರೆಗಳು ಒಂದಕ್ಕೊಂದು ಕೂಡಬೇಕು. ಬರ ಬಂದರೆ ಎಲ್ಲ ಮರಕ್ಕೂ ಬಂದಿರುತ್ತದೆ ತಾನೆ. ನನ್ನ ಕೋರ್‌ನಲ್ಲಿ 22 ಮತ್ತು 41ನೇ ಉಂಗುರ ಕಿರಿದು, ಉಳಿದ ಮರಗಳಲ್ಲೂ ಅವೇ. ಖುಷಿಯಾಯಿತು. ಅದರಾಚೆಗೆ ಉಳಿದ ಮರಗಳಲ್ಲಿ 63, 71, 88 ಕಿರಿದು. ನನ್ನದರಲ್ಲಿ 62, 70, 87. ಒಂದು ಕಳೆದುಹೋಗಿದೆ. ಮೂರು ಸಲ ಎಣಿಸಿದೆ. ಮೂರು ಸಲವೂ ಅದೇ ಲೆಕ್ಕ. ಕೊನೆಗೆ ಮೇಡಂ ಕೂತು ನೋಡಿದರು.

"ನೀವು ಎಣಿಸಿದ್ದು ಸರಿ ಇದೆ. ಮರವೇ ಬರೆದಿಲ್ಲ," ಅಂದರು.

ಉಳಿದ ಮರಗಳ 57ನೇ ಉಂಗುರ ತೋರಿಸಿದರು. ಎರಡೋ ಮೂರೋ ಕೋಶದಷ್ಟೇ ದಪ್ಪ, ಕೂದಲೆಳೆ. ಅದು ಎಂಥಾ ಬರ ಅಂದರೆ ನನ್ನ ಮರ ಆ ವರ್ಷ, ಕಡೇಪಕ್ಷ ನಾವು ಕೊರೆದ ಮಗ್ಗುಲಲ್ಲಿ, ಬೆಳೆದೇ ಇರಲಿಲ್ಲ. ನಾವು ಹುಡುಕಿಕೊಂಡು ಹೋಗಿದ್ದೇ ಬರವನ್ನು. ಅತಿ ಕೆಟ್ಟ ವರ್ಷದಲ್ಲೇ ಸಾಕ್ಷಿ ಬಾಯಿ ಬಿಡುವುದಿಲ್ಲ! ಅದಕ್ಕೇ ಈ ಕೆಲಸದಲ್ಲಿ ಒಂದು ಮರವನ್ನು ಯಾರೂ ನಂಬುವುದಿಲ್ಲ. ಒಂದು ಜಾಗದಲ್ಲಿ ಹತ್ತಿಪ್ಪತ್ತು ಮರ, ಒಂದೊಂದಕ್ಕೂ ಎರಡೆರಡು ಕೋರ್. ಇದರ ಉಲ್ಟಾ ತಲೆನೋವೂ ಇದೆ. ನಡುವೆ ಒಣಗಿ ಮತ್ತೆ ಮಳೆ ಬಂದರೆ ಕೆಲವು ಮರಗಳು ಒಂದೇ ವರ್ಷದಲ್ಲಿ ಎರಡು ಉಂಗುರ ಇದ್ದ ಹಾಗೆ ತೋರಿಸುತ್ತವೆ. ತೇಗ ಇದರಲ್ಲಿ ಪಳಗಿದ್ದು. ಆದರೂ ಅದೇ ತೇಗದಿಂದ ಕೇರಳದಲ್ಲಿ 1481ರ ತನಕ ಹಿಂದಕ್ಕೆ ಲೆಕ್ಕ ಕಟ್ಟಿದ್ದಾರೆ. ಆ ಉಂಗುರಗಳ ಜೊತೆ ಗುದ್ದಾಡಿದವರ ತಾಳ್ಮೆ ನನಗಂತೂ ಇಲ್ಲ.

ಹೀಗೆ ಮರದಿಂದ ಮರಕ್ಕೆ ಹೊಂದಿಸಿ ವರ್ಷ ಗುರುತಿಸುವ ದಾರಿ ಹಾಕಿಕೊಟ್ಟವರು ಎ. ಇ. ಡಗ್ಲಾಸ್. ಮೂಲತಃ ಆಕಾಶ ನೋಡುವವರು. ಸೂರ್ಯನ ಕಲೆಗಳಿಗೂ ಮಳೆಗೂ ಸಂಬಂಧ ಇದೆಯಾ ಅಂತ ಹುಡುಕುತ್ತಾ ಅಮೆರಿಕದ ಅರಿಜೋನಾದ ಪೈನ್ ಮರಗಳ ಹತ್ತಿರ ಬಂದವರು ಮರಗಳ ಹತ್ತಿರವೇ ಉಳಿದುಬಿಟ್ಟರು. ಹಳೇ ಮನೆಗಳ ತೊಲೆಗಳನ್ನು ಹೊಂದಿಸುತ್ತಾ 1276ರಿಂದ 1299ರ ತನಕದ ದೊಡ್ಡ ಬರವನ್ನು ಗುರುತಿಸಿದವರೂ ಇವರೇ.

ಸರಿ, ಮರಕ್ಕೂ ನದಿಗೂ ಏನು ನಂಟು? ನದಿ ದಡದ ಮರವೇ ಬೇಕು ಅಂತ ನಾನೂ ಅಂದುಕೊಂಡಿದ್ದೆ. ಅದು ಕೆಲಸಕ್ಕೇ ಬರಲ್ಲ. ಬೇರು ಯಾವಾಗಲೂ ನೀರಲ್ಲಿರುವ ಮರಕ್ಕೆ ಬರದ ಬಿಸಿ ಎಲ್ಲಿ ತಟ್ಟುತ್ತದೆ? ಬೇಕಾಗಿರುವುದು ಇಳಿಜಾರಿನಲ್ಲಿ, ಬಂಡೆ ಸಂದಿಯಲ್ಲಿ, ಬೊಗಸೆ ಮಣ್ಣಿನಲ್ಲಿ ಸೊರಗಿ ನಿಂತ ಮರ. ಅದರ ಬೇರಿಗೆ ಬೀಳುವ ಮಳೆ, ಹಿಮವೇ ಕೆಳಗಿಳಿದು ನದಿಗೂ ಹೋಗುತ್ತದೆ. ನದಿಯ ಅಳತೆ ಸಿಗುವ ವರ್ಷಗಳನ್ನು ಉಂಗುರದ ಅಗಲದ ಜೊತೆ ಇಟ್ಟು ಸೂತ್ರ ಕಟ್ಟುತ್ತಾರೆ. ಒಂದಷ್ಟು ವರ್ಷ ಬಚ್ಚಿಟ್ಟು, ಸೂತ್ರ ಅವುಗಳ ಹರಿವನ್ನು ಸರಿಯಾಗಿ ಹೇಳುತ್ತದಾ ಅಂತ ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಅಳತೆಯೇ ಇಲ್ಲದ ಕಾಲಕ್ಕೆ ಹೋಗಬಹುದು. ಬರದ ವರ್ಷವನ್ನು ಮರ ಚೆನ್ನಾಗಿ ಹೇಳುತ್ತದೆ. ನೆರೆಯ ವರ್ಷದಲ್ಲಿ ಅಷ್ಟು ನೆಚ್ಚಬೇಡಿ. ಹೊಟ್ಟೆ ತುಂಬಿದ ಮೇಲೆ ಇನ್ನೆಷ್ಟು ಕುಡಿದೀತು?

ಅಮೆರಿಕದ ಕೊಲರಾಡೊ ನದಿಯ ಕತೆ ನಮ್ಮ ಲ್ಯಾಬಿನಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತಿತ್ತು. 1922ರ ಒಪ್ಪಂದದಲ್ಲಿ ನದಿಯ ಮೇಲ್ಭಾಗದ ರಾಜ್ಯಗಳಿಗೆ ವರ್ಷಕ್ಕೆ 75 ಲಕ್ಷ ಎಕರೆ-ಅಡಿ, ಕೆಳಗಿನವಕ್ಕೆ 75 ಲಕ್ಷ ಅಂತ ಹಂಚಿದರು. ಎಕರೆ-ಅಡಿ ಅಂದರೆ ಒಂದು ಎಕರೆಯಲ್ಲಿ ಒಂದಡಿ ನಿಲ್ಲುವಷ್ಟು ನೀರು. ಆಮೇಲೆ 1944ರಲ್ಲಿ ಮೆಕ್ಸಿಕೊಗೆ ಇನ್ನೂ 15 ಲಕ್ಷ. 1976ರಲ್ಲಿ ಸ್ಟಾಕ್ಟನ್ ಮತ್ತು ಜೇಕೋಬಿ ಅನ್ನುವ ಸಂಶೋಧಕರು ಉಂಗುರಗಳಿಂದ ಲೆಕ್ಕ ತೆಗೆದರೆ ದೀರ್ಘಕಾಲದ ಸರಾಸರಿ ಸುಮಾರು 1.35 ಕೋಟಿ. ಇರುವುದಕ್ಕಿಂತ ಹಂಚಿದ್ದೇ ಜಾಸ್ತಿ! ಒಪ್ಪಂದಕ್ಕೆ ಮುಂಚಿನ ಆ ಹತ್ತಿಪ್ಪತ್ತು ವರ್ಷ ನೂರಾರು ವರ್ಷಗಳಲ್ಲೇ ಅಪರೂಪಕ್ಕೆ ನೀರು ಜಾಸ್ತಿ ಇದ್ದ ಕಾಲ. 2007ರಲ್ಲಿ ಇನ್ನೂ ಹಳೇ ಮರಗಳಿಂದ ಲೆಕ್ಕವನ್ನು 762ನೇ ಇಸವಿಗೆ ಒಯ್ದಾಗ, 12ನೇ ಶತಮಾನದ ನಡುಭಾಗದಲ್ಲಿ ಅಳತೆಯ ಕಾಲದಲ್ಲಿ ಯಾರೂ ಕಾಣದಷ್ಟು ಉದ್ದನೆಯ ಬರ ಸಿಕ್ಕಿತು.

ಬ್ರಹ್ಮಪುತ್ರದಲ್ಲಿ ಇದರ ತಿರುಗುಮುರುಗು. 2020ರಲ್ಲಿ ಬಂದ ಅಧ್ಯಯನ ಏಳು ಶತಮಾನದ ಹರಿವನ್ನು ಉಂಗುರಗಳಿಂದ ಕಟ್ಟಿತು. ಅಳತೆ ಇಟ್ಟ 1956–1986ರ ಅವಧಿಯೇ ಅಷ್ಟೂ ಕಾಲದಲ್ಲಿ ನೀರು ತೀರಾ ಕಮ್ಮಿಯಿದ್ದ ಕಾಲಗಳಲ್ಲಿ ಒಂದು ಅಂತ ಗೊತ್ತಾಯಿತು. ಅಂದರೆ ಆ ಅಳತೆಯನ್ನೇ ನಂಬಿ ನೆರೆಯ ಅಂದಾಜು ಹಾಕಿದರೆ ಅಪಾಯ ಕಮ್ಮಿ ಅಂತಲೇ ಬರುತ್ತದೆ. ನನಗೆ ಕೊಲರಾಡೊಗಿಂತ ಇದೇ ಜಾಸ್ತಿ ದಿಗಿಲು ಹುಟ್ಟಿಸಿದ್ದು. ನೀರು ಸಾಲದಿದ್ದರೆ ಮತ್ತೆ ಕೂತು ಜಗಳವಾಡಬಹುದು, ರಾತ್ರೋರಾತ್ರಿ ಮನೆಯೊಳಗೆ ನುಗ್ಗಿದರೆ?

ನಾನು ಅಡ್ಡ ಅಂಟಿಸಿದ್ದ ಆ ಕೋರ್ ಈಗಲೂ ಲ್ಯಾಬಿನ ಡ್ರಾಯರ್‌ನಲ್ಲಿದೆ. ಹತ್ತು ವರ್ಷಕ್ಕೊಂದು ಚುಕ್ಕೆ ಇಡುತ್ತಾ ಬಂದು, 56ನೇ ಉಂಗುರದ ಗೆರೆಯ ಆಚೆಗೊಂದು ಈಚೆಗೊಂದು ಚುಕ್ಕೆ ಇಟ್ಟಿದ್ದೇನೆ. ಇಲ್ಲದ ಉಂಗುರಕ್ಕೆ ನಮ್ಮಲ್ಲಿ ಹಾಕುತ್ತಿದ್ದ ಗುರುತು ಅದು. ಮುಂದಿನ ಉಂಗುರವನ್ನು 58 ಅಂತ ಎಣಿಸಬೇಕು.