ಅಜ್ಜಿಯ ಕವರ್‌ನಲ್ಲಿದ್ದ ಎರಡು ಬಗೆಯ ವಿಟಮಿನ್ ಡಿ

ಕಿಡ್ನಿ ಓಪಿಡಿಗೆ ಬರುವವರಿಗೆ ನಾವು ತಪ್ಪದೆ ಹೇಳುವ ಮಾತೊಂದಿದೆ: ಚೀಟಿ ಮಾತ್ರ ಸಾಲದು, ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ತನ್ನಿ. ಆವತ್ತು ಮಗನ ಜೊತೆ ಬಂದ ಅಜ್ಜಿ ಕವರ್ ತುಂಬ ತಂದಿದ್ದರು. ನಾಲ್ಕನೇ ಹಂತದ ಕಾಯಿಲೆ, ಇನ್ನೂ ಡಯಾಲಿಸಿಸ್ ಇಲ್ಲ. ಕೆಲವು ದಿನದಿಂದ ವಾಕರಿಕೆ, ವಿಪರೀತ ಬಾಯಾರಿಕೆ, ಹೊಟ್ಟೆ ಕಟ್ಟಿಕೊಂಡಿತ್ತು. ರಕ್ತದ ಕ್ಯಾಲ್ಸಿಯಂ ಡೆಸಿಲೀಟರಿಗೆ 11.6 ಮಿಲಿಗ್ರಾಂ ಇತ್ತು, ಅದು 10.5 ದಾಟಬಾರದು. ಕಿಡ್ನಿ ಎಷ್ಟು ಸೋತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಕೂಡ ಏರಿತ್ತು.

ಕವರ್ ಸುರಿದಾಗ ಕಾರಣ ಸಿಕ್ಕಿತು. ವಾರಕ್ಕೊಂದರಂತೆ ಎಂಟು ವಾರಕ್ಕೆ ಬರೆದ 60,000 ಯೂನಿಟ್‌ನ ವಿಟಮಿನ್ ಡಿ3, ಎಂಟು ವಾರ ಮುಗಿದ ಮೇಲೂ ನಿಂತಿರಲಿಲ್ಲ. ಜೊತೆಗೆ ಇನ್ನೊಂದು ಸ್ಟ್ರಿಪ್.

"ಇದನ್ನ ಯಾರು ಕೊಟ್ರು ಅಜ್ಜಿ?"

"ಮಂಡಿನೋವಿಗೆ ಅಂತ ಮೆಡಿಕಲ್‌ನಲ್ಲಿ ತಗೊಂಡೆ ಮೇಡಂ. ಬರೀ ಕ್ಯಾಲ್ಸಿಯಂ ತಾನೆ?"

ಬರೀ ಕ್ಯಾಲ್ಸಿಯಂ ಅಲ್ಲ. ಹಿಂಬದಿಯ ಸಣ್ಣಕ್ಷರದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಕೆಳಗೆ ಕ್ಯಾಲ್ಸಿಟ್ರಿಯಾಲ್ 0.25 ಮೈಕ್ರೋಗ್ರಾಂ ಎಂದಿತ್ತು. ಅದೂ ವಿಟಮಿನ್ ಡಿಯೇ, ನೇರವಾಗಿ ಕೆಲಸಕ್ಕಿಳಿಯುವ ರೂಪ. ಅಂಥದ್ದು ದಿನಕ್ಕೆರಡು.

ಬಿಸಿಲಿನಿಂದಲೋ ಮಾತ್ರೆಯಿಂದಲೋ ಬಂದ ಡಿ3 ಮೊದಲು ಲಿವರ್‌ನಲ್ಲಿ ಬದಲಾಗಿ ದಾಸ್ತಾನಿನ ರೂಪಕ್ಕೆ ಬರುತ್ತದೆ. 25-ಹೈಡ್ರಾಕ್ಸಿ ವಿಟಮಿನ್ ಡಿ ಎಂಬ ರಕ್ತಪರೀಕ್ಷೆ ಅಳೆಯುವುದು ಇದನ್ನೇ. ಕೊನೆಯ ಹಂತ ಕಿಡ್ನಿಯದು. ಅಲ್ಲಿ ಅದು ಕ್ಯಾಲ್ಸಿಟ್ರಿಯಾಲ್ ಆಗುತ್ತದೆ. ಕಿಡ್ನಿ ಸೋತಂತೆ ಈ ಕೊನೆಯ ಹಂತ ಕುಂಠಿತವಾಗಿ, ರಂಜಕ ಏರಿ, ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಗಳ ಪಿಟಿಹೆಚ್ ಹಾರ್ಮೋನ್ ಹೆಚ್ಚಿ ಮೂಳೆಯಿಂದ ಕ್ಯಾಲ್ಸಿಯಂ ಕೀಳುತ್ತದೆ. ಮಾತ್ರೆಯಾಗಿ ನುಂಗಿದ ಕ್ಯಾಲ್ಸಿಟ್ರಿಯಾಲ್ ಕಿಡ್ನಿಗಾಗಿ ಕಾಯದೆ ನೇರವಾಗಿ ಕರುಳಿನಿಂದ ಕ್ಯಾಲ್ಸಿಯಂ, ರಂಜಕ ಎರಡನ್ನೂ ಎಳೆದುಕೊಳ್ಳುವಂತೆ ಮಾಡುತ್ತದೆ. ಹಾಗಾಗಿಯೇ ಡಯಾಲಿಸಿಸ್ ಇಲ್ಲದವರಿಗೆ ಅದನ್ನು ಎಲ್ಲರಿಗೂ ಕೊಡುವುದಿಲ್ಲ. ಕಾಯಿಲೆ ನಾಲ್ಕು, ಐದನೇ ಹಂತದಲ್ಲಿದ್ದು ಪಿಟಿಹೆಚ್ ತೀವ್ರವಾಗಿ ಏರುತ್ತಲೇ ಇದ್ದರೆ ಮಾತ್ರ, ಕ್ಯಾಲ್ಸಿಯಂ ರಂಜಕ ನೋಡಿಕೊಂಡು, ಎಂಬುದು ಕಿಡ್ನಿ ಕಾಯಿಲೆಗಳ ಅಂತರರಾಷ್ಟ್ರೀಯ ಸಂಸ್ಥೆ ಕೆಡಿಗೊದ 2017ರ ಮಾರ್ಗಸೂಚಿ. ಮೆಡಿಕಲ್ ಶಾಪ್ ಕೌಂಟರ್‌ನಲ್ಲಿ ಕೈಬದಲಾಗುವ ಮಾತ್ರೆ ಅದಲ್ಲ.

ಡಾಕ್ಟರು ಎರಡನ್ನೂ ನಿಲ್ಲಿಸಿದರು. ಕ್ಯಾಲ್ಸಿಟ್ರಿಯಾಲ್‌ನ ಪ್ರಭಾವ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಕೊಬ್ಬಿನಲ್ಲಿ ಕೂತ ಡಿ3 ವಾರಗಟ್ಟಲೆ ಉಳಿಯುತ್ತದೆ. ನಿಲ್ಲಿಸಿದ ಮಾತ್ರಕ್ಕೆ ನಿರಾಳವಾಗಬಾರದು, ಕ್ಯಾಲ್ಸಿಯಂ ಮತ್ತೆ ಮತ್ತೆ ನೋಡಲೇಬೇಕು. ನೀರು ಹೆಚ್ಚು ಕುಡಿಯಲಿ ಎಂಬ ಸಲಹೆಯೂ ಈ ರೋಗಿಗಳಿಗೆ ಸಲ್ಲದು, ಪ್ರಮಾಣವನ್ನು ಡಾಕ್ಟರೇ ಹೇಳಬೇಕು.

ಹಾಗೆಂದು ಡಿ3ಗೆ ಹೆದರಬೇಕಿಲ್ಲ. ದಾಸ್ತಾನು ಮಿಲಿಲೀಟರಿಗೆ 20 ನ್ಯಾನೋಗ್ರಾಂಗಿಂತ ಕಡಿಮೆ ಇದ್ದರೆ ತುಂಬಿಸುವುದೇ ಸರಿ. ಮೂತ್ರದಲ್ಲಿ ಪ್ರೋಟೀನ್ ಹೋಗುವವರಲ್ಲಿ ಡಿಯನ್ನು ಹೊತ್ತೊಯ್ಯುವ ಪ್ರೋಟೀನೂ ಸೋರುವುದರಿಂದ ಅದು ಬೇಗ ಖಾಲಿಯಾಗುತ್ತದೆ. ನಮ್ಮಲ್ಲಿ ಸಾಮಾನ್ಯ ಕ್ರಮ ವಾರಕ್ಕೊಂದು, ಎಂಟು ವಾರ. ಆಮೇಲೆ ಮತ್ತೆ ಪರೀಕ್ಷೆ ಮಾಡಿ, ಬೇಕಿದ್ದರೆ ತಿಂಗಳಿಗೊಂದು. ಎಣ್ಣೆ, ತುಪ್ಪ ಇರುವ ಊಟದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ. ವಾರದ ಮಾತ್ರೆಯನ್ನು ದಿನದ ಮಾತ್ರೆ ಎಂದು ನುಂಗುವ ಅಪಾಯ ದೊಡ್ಡದು. ಅಜ್ಜಿಯ ಮಗನ ಮೊಬೈಲಿನಲ್ಲಿ ಮುಂದಿನ ರಕ್ತಪರೀಕ್ಷೆಯ ದಿನಾಂಕ ಹಾಕಿಸಿ, ಡಾಕ್ಟರು ಹೇಳುವವರೆಗೆ ಡಿ ಅಥವಾ ಕ್ಯಾಲ್ಸಿಟ್ರಿಯಾಲ್ ಎಂದು ಬರೆದಿರುವ ಯಾವುದನ್ನೂ ಕೊಡಬೇಡಿ ಎಂದು ಚೀಟಿಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದೆವು. ಮಂಡಿನೋವಿಗೆ ಬೇರೆ ಮದ್ದಿದೆ, ಆದರೆ ಕಿಡ್ನಿಗೆ ಏಟು ಕೊಡುವ ಡೈಕ್ಲೋಫಿನ್ಯಾಕ್‌ನಂಥ ನೋವಿನ ಮಾತ್ರೆ ಬೇಡ ಎಂಬುದನ್ನೂ ಅದರ ಕೆಳಗೇ ಸೇರಿಸಿದೆವು.