ಮಂಡಿ ಮಡಚಿತು, ನೆಟ್ಟಗಾಗಲಿಲ್ಲ

ಫಿಸಿಯೋಥೆರಪಿ ಕೆಲಸಕ್ಕೆ ಸೇರಿ ಎರಡನೇ ವರ್ಷ. ಹೋಟೆಲಿನಲ್ಲಿ ದೋಸೆ ಹುಯ್ಯುವವರೊಬ್ಬರು ನನ್ನ ಬಳಿ ಬರುತ್ತಿದ್ದರು. ಬೈಕಿನಿಂದ ಬಿದ್ದು ಎಡಮಂಡಿಯ ಎಸಿಎಲ್ ಲಿಗಮೆಂಟ್, ಅಂದರೆ ತೊಡೆ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಒಳಗೆ ಹಿಡಿದಿಡುವ ಗಟ್ಟಿ ಪಟ್ಟಿ, ಹರಿದು ಆಪರೇಷನ್ ಆಗಿತ್ತು. "ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರೋ ಹಾಗಾದ್ರೆ ಸಾಕು ಮೇಡಂ" ಅನ್ನುತ್ತಿದ್ದರು. ನನ್ನ ಗಮನವೂ ಅಲ್ಲೇ. ಮಂಡಿ ಮಡಚುವುದು 90 ಡಿಗ್ರಿ, 110, ಆಮೇಲೆ 125. ಪ್ರತಿ ವಾರ ಬರೆದುಕೊಂಡು ಇಬ್ಬರೂ ಖುಷಿಪಡುತ್ತಿದ್ದೆವು.

ಮೂರು ತಿಂಗಳಿಗೆ ಕೆಲಸಕ್ಕೆ ಮರಳಿದರು. ಒಂದೇ ವಾರದಲ್ಲಿ ವಾಪಸ್ ಬಂದರು. ಕಾವಲಿ ಮುಂದೆ ಒಂದು ಗಂಟೆ ನಿಂತರೆ ತೊಡೆ ನಡುಗುತ್ತದಂತೆ, ಚಿಪ್ಪಿನ ಸುತ್ತ ನೋವಂತೆ.

ಬೋರಲು ಮಲಗಿಸಿ, ಮಂಡಿಯಿಂದ ಕೆಳಗಿನ ಕಾಲು ಮಂಚದಾಚೆ ಬರುವ ಹಾಗೆ ಬಿಟ್ಟು ನೋಡಿದೆ. ಎಡ ಹಿಮ್ಮಡಿ ಬಲಗಡೆಯದಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಅಳೆದರೆ, ನೆಟ್ಟಗಾಗಲು ಇನ್ನೂ 8 ಡಿಗ್ರಿ ಬಾಕಿ.

ಎಂಟು ಡಿಗ್ರಿ ಯಾವ ಲೆಕ್ಕ ಅನಿಸುತ್ತದೆ, ಅಲ್ವಾ? ಆದರೆ ಮಂಡಿ ಬಾಗಿಲ ಕೀಲಿನ ಹಾಗೆ ಸುಮ್ನೆ ಹಿಂದೆ ಮುಂದೆ ಆಡುವುದಿಲ್ಲ. ನಾವು ನಿಂತು ಕಾಲು ನೆಟ್ಟಗೆ ಮಾಡುವಾಗ, ಕೊನೆಯ ಕೆಲವು ಡಿಗ್ರಿಗಳಲ್ಲಿ ತೊಡೆ ಮೂಳೆ ಕೆಳಗಿನ ಮೂಳೆಯ ಮೇಲೆ ಸ್ವಲ್ಪ ಒಳಕ್ಕೆ ತಿರುಗುತ್ತದೆ. ಲಿಗಮೆಂಟುಗಳು ಬಿಗಿಯಾಗಿ, ಕೀಲು ಚಿಲಕ ಹಾಕಿದಂತೆ ನಿಲ್ಲುತ್ತದೆ. ಆಗ ತೊಡೆ ಸ್ನಾಯುವಿಗೆ ಬಿಡುವು. ನೀವೇ ನೆಟ್ಟಗೆ ನಿಂತು ಮಂಡಿಚಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಸಡಿಲವಾಗಿ ಅತ್ತಿತ್ತ ಆಡುತ್ತದೆ. ಮಂಡಿ ತುಸು ಬಗ್ಗಿಸಿ, ಕಚ್ಚಿಕೊಳ್ಳುತ್ತದೆ. ಮತ್ತೆ ಬಗ್ಗುವಾಗ ಆ ಚಿಲಕ ತೆಗೆಯುವುದು ಮಂಡಿಯ ಹಿಂದಿರುವ ಪಾಪ್ಲಿಟಿಯಸ್ ಅನ್ನುವ ಪುಟ್ಟ ಸ್ನಾಯು. ಇವರ ಮಂಡಿಗೆ ಚಿಲಕವೇ ಬೀಳುತ್ತಿರಲಿಲ್ಲ. ದೋಸೆ ಹುಯ್ಯುವಷ್ಟು ಹೊತ್ತೂ ತೊಡೆ ಸ್ನಾಯುವೇ ಮೈಭಾರ ಹಿಡಿದು ನಿಲ್ಲಬೇಕಿತ್ತು.

ಮನೆಯಲ್ಲಿ ಹೇಗೆ ಮಲಗುತ್ತೀರಿ ಅಂತ ಕೇಳಿದೆ. "ಮಂಡಿ ಕೆಳಗೆ ದಿಂಬು ಇಟ್ಕೊಂಡು." ಮೊದಲ ದಿನದಿಂದಲೂ! ಊದಿದ ಮಂಡಿಯೊಳಗೆ ನೀರು ತುಂಬಿರುತ್ತದೆ. ಸುಮಾರು 30 ಡಿಗ್ರಿ ಬಗ್ಗಿದಾಗ ಕೀಲಿನ ಚೀಲದಲ್ಲಿ ಜಾಗ ಜಾಸ್ತಿ, ಒತ್ತಡ ಕಡಿಮೆ. ಅದಕ್ಕೇ ದಿಂಬು ಹಿತ ಅನಿಸುತ್ತದೆ. ಹಾಗೇ ವಾರಗಟ್ಟಲೆ ಇದ್ದರೆ ಹಿಂದಿನ ಭಾಗ ಬಿಗಿದುಕೊಳ್ಳುತ್ತದೆ. ಇದನ್ನು ಮೊದಲ ದಿನವೇ ನಾನು ಕೇಳಬೇಕಿತ್ತು. ಕೇಳಿರಲಿಲ್ಲ. ಮೂರು ತಿಂಗಳು ಅವರು ಸಂಬಳವಿಲ್ಲದೆ ಕಾದಿದ್ದರು. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಒಳಗೆ ಗಾಯದ ಗಂಟು ಅಡ್ಡ ಬಂದಿದೆಯಾ ಎಂದು ಸರ್ಜನ್ ಪರೀಕ್ಷಿಸಿದರು. ಇರಲಿಲ್ಲ. ದಿಂಬು ತೆಗೆಸಿದೆ. ಸುತ್ತಿದ ಟವೆಲ್ ಹಿಮ್ಮಡಿ ಕೆಳಗೆ ಇಟ್ಟು, ಮಂಡಿ ಖಾಲಿ ಜಾಗಕ್ಕೆ ಇಳಿಯುವಂತೆ ಬಿಡಿಸಿದೆ. 10 ನಿಮಿಷ, ದಿನಕ್ಕೆ ನಾಲ್ಕು ಸಲ. ಜೊತೆಗೆ ತೊಡೆ ಬಿಗಿಹಿಡಿದು ಮಂಡಿ ಕೆಳಕ್ಕೆ ಒತ್ತುವ ವ್ಯಾಯಾಮ. ಮೊದಲೆರಡು ವಾರ ಹಲ್ಲು ಕಚ್ಚಿ ಮಾಡಿದರು.

ಏಳನೇ ವಾರ ಮತ್ತೆ ಬೋರಲು ಮಲಗಿಸಿದೆ. ಎರಡು ಹಿಮ್ಮಡಿಗಳ ಮೇಲೆ ಸ್ಕೇಲ್ ಅಡ್ಡ ಇಟ್ಟೆ. ಸಮವಾಗಿ ಕೂತಿತು.